ಇಂಟರ್ನೆಟ್ಟಿನ ನಾಲ್ಕನೇ ಜ್ವರ

ಇಂಟರ್ನೆಟ್ಟಿಗೆ ಜ್ವರ ಬರುತ್ತದೆ ಎಂಬುದು ನಿಮಗೆ ಗೊತ್ತೆ? ಗೊತ್ತಿಲ್ಲದಿದ್ದರೆ ನಾಚಿಕೊಳ್ಳಬೇಡಿ, ಅದನ್ನು ತಯಾರು ಮಾಡಿದವರಿಗೇ ಗೊತ್ತಿರಲಿಕ್ಕಿಲ್ಲ. ಜಗತ್ತಿನಲ್ಲಿ ಇದನ್ನು ಮೊಟ್ಟಮೊದಲು ಕಂಡುಹಿಡಿದ ಮಹಾನುಭಾವ ನನ್ನ ಸೋದರಮಾವ. ಅವನ ಪ್ರಕಾರ ಅದಕ್ಕೆ ಬರುವ ಜ್ವರಗಳು ನಾಲ್ಕು. ಜ್ವರಕ್ಕೆ ಕೂತಾಗ ಅದನ್ನು ಮುಟ್ಟಬಾರದು, ಅಲುಗಾಡಿಸಬಾರದು, ಅಕ್ಕಪಕ್ಕದಲ್ಲಿ ಒಗ್ಗರಣೆ ಹಾಕಬಾರದು. ತಾನಾಗಿ ಎದ್ದ ಮೇಲೆ ನಿಧಾನಕ್ಕೆ ಸೊಪ್ಪು ಹಾಕಿದರೆ... ಅಯ್ಯೋ, ಕ್ಷಮಿಸಿ, ನಿಧಾನಕ್ಕೆ ಮೌಸು ಒತ್ತಿದರೆ ಮೊದಲಿಗಿಂತ ಚುರುಕಾಗಿ ಓಡುತ್ತದೆ!

ನಗಬೇಡಿ. ಮಾವನ ಮನೆ ಇರುವುದು ರಾಮನಗರಕ್ಕೂ ಚನ್ನಪಟ್ಟಣಕ್ಕೂ ನಡುವೆ, ಹೆದ್ದಾರಿಯಿಂದ ಸ್ವಲ್ಪ ಒಳಕ್ಕೆ. ಅಪ್ಪನ ಕಾಲದಿಂದ ರೇಷ್ಮೆಹುಳ ಸಾಕಿದ ಮನೆತನ. ರೇಷ್ಮೆಹುಳ ಬೆಳೆಯುವಾಗ ನಾಲ್ಕು ಸಲ ತಿನ್ನುವುದು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂರುತ್ತದೆ. ಪೊರೆ ಕಳಚಿ ಎದ್ದು ಮತ್ತೆ ತಿನ್ನತೊಡಗುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಹುಳಕ್ಕೆ ಬಕಾಸುರನ ಹಸಿವು. ತಟ್ಟೆ ತಟ್ಟೆಗಳಲ್ಲಿ ಸಾವಿರಾರು ಹುಳ ಒಟ್ಟಿಗೆ ಸೊಪ್ಪು ಮೇಯುವ ಸದ್ದಿದೆಯಲ್ಲ, ಅದನ್ನು ಕೇಳಿದವರೇ ಪುಣ್ಯವಂತರು. ಹೆಂಚಿನ ಮೇಲೆ ಸಣ್ಣ ಮಳೆ ಹಿಡಿದ ಹಾಗೆ, ಸರಸರ, ಸರಸರ. ಚಿಕ್ಕಂದಿನಲ್ಲಿ ರಜೆಗೆ ಹೋದಾಗ ನಾನು ಆ ಸದ್ದಿನಲ್ಲಿ ಮಧ್ಯಾಹ್ನಗಳನ್ನೆಲ್ಲ ನಿದ್ದೆಗೆ ಸುರಿದಿದ್ದೇನೆ. ಎದ್ದು ಹೊರಗೆ ಬಂದರೆ ಸುಡುಸುಡು ಬಿಸಿಲು! ಮಳೆ ಎಲ್ಲಿ ಹೋಯಿತು ಎಂದು ಅತ್ತಿದ್ದೂ ಉಂಟಂತೆ.

ಇಂಥ ಮನುಷ್ಯನಿಗೆ ಜಾಝ್ ಎಲ್ಲಿಂದ ಗಂಟುಬಿತ್ತು ಎಂದು ಕೇಳುತ್ತೀರಿ. ಊರಿನವರೂ ಅದನ್ನೇ ಕೇಳುತ್ತಾರೆ. ಕೇಳಿ ತಲೆಯ ಪಕ್ಕದಲ್ಲಿ ಬೆರಳು ತಿರುಗಿಸುತ್ತಾರೆ.

ಒಂದು ಸಂಜೆ ಅತ್ತೆ ಹುಳಕ್ಕೆ ಸೊಪ್ಪು ಹಾಕುತ್ತಿದ್ದಳು. ಮಾವ ಗೂಟಕ್ಕೆ ನೇತುಹಾಕಿದ ಟ್ರಾನ್ಸಿಸ್ಟರಿನ ಕಿವಿ ಹಿಂಡುತ್ತಿದ್ದ. ಯಾವುದೋ ಪರದೇಶದ ಸ್ಟೇಷನ್ನು ದಾರಿ ತಪ್ಪಿ ಬಂದು ಸಿಕ್ಕಿಕೊಂಡಿತು. ಯಾರೋ ಅವಸರವೇ ಇಲ್ಲದೆ ಪಿಯಾನೊ ನುಡಿಸುತ್ತಿದ್ದಾರೆ. ಅದರ ಅಡಿಯಲ್ಲಿ, ತೀರಾ ಅಡಿಯಲ್ಲಿ, ಸರಸರ, ಸರಸರ. ಅತ್ತೆ ಸೊಪ್ಪಿನ ಬುಟ್ಟಿ ಹಿಡಿದುಕೊಂಡೇ ನಿಂತುಬಿಟ್ಟಳಂತೆ.

"ಅಯ್ಯೋ, ಇದರೊಳಗೂ ಯಾರೋ ಹುಳ ಮೇಯಿಸ್ತಾವ್ರಲ್ಲಾ!"

ಹಾಡು ಮುಗಿದ ಮೇಲೆ ಇಂಗ್ಲಿಷಿನವನು ಏನೇನೋ ಪಟಪಟ ಅಂದ. ಮಾವನಿಗೆ ಗಟ್ಟಿಯಾಗಿ ಸಿಕ್ಕಿದ್ದು ಒಂದೇ ಪದ, ಜಾಝ್. ಹಾಡಿನ ಹೆಸರು ಸಿಗಲಿಲ್ಲ, ಬಾರಿಸಿದವನ ಹೆಸರು ಸಿಗಲಿಲ್ಲ. ಆದರೇನು, ಅವತ್ತಿನಿಂದ ಮಾವ ಜಾಝಿನ ಭಕ್ತನಾದ. ಟ್ರಾನ್ಸಿಸ್ಟರು ಹಿಡಿದು ಮಾಳಿಗೆ ಹತ್ತುವುದು, ತೆಂಗಿನ ಗರಿಗೆ ತಂತಿ ಕಟ್ಟುವುದು, ಎಲ್ಲ ಶುರುವಾಯಿತು. ಆ ಹಾಡು ಮಾತ್ರ ಮತ್ತೆ ಸಿಗಲಿಲ್ಲ.

ಅಷ್ಟರಲ್ಲಿ ನಮ್ಮ ಕಡೆಗೆ ಕೈಗಾರಿಕೆ ಬಂತು. ಮೊದಲು ಕಲ್ಲು ನೆಟ್ಟರು, ಆಮೇಲೆ ಬೇಲಿ, ಆಮೇಲೆ ನೀಲಿ ತಗಡಿನ ದೊಡ್ಡ ದೊಡ್ಡ ಶೆಡ್ಡುಗಳು. ಹುಳಕ್ಕೆ ಸೊಪ್ಪು ಬೆಳೆಯುತ್ತಿದ್ದ ಮಾವನ ರೇಷ್ಮೆ ತೋಟ ಪೂರ್ತಿ ಅದರೊಳಗೆ ಹೋಯಿತು. ಉಳಿದದ್ದು ಮನೆ, ಹಿತ್ತಿಲು, ಹಿತ್ತಿಲಲ್ಲಿ ಹುಳದ ಮನೆ. ತೋಟವೇ ಇಲ್ಲದ ಮೇಲೆ ಹುಳ ಎಲ್ಲಿಂದ? ಕೊನೆಯ ಬೆಳೆಯ ಗೂಡು ರಾಮನಗರದ ಮಾರುಕಟ್ಟೆಗೆ ಹೋದ ದಿನ ಅತ್ತೆ ಹುಳದ ಮನೆ ಗುಡಿಸಿ, ತೊಳೆದು, ಸುಣ್ಣ ಬಳಿದು, ಬಾಗಿಲು ಮುಂದಕ್ಕೆ ಮಾಡಿದಳು.

ಪರಿಹಾರದ ದುಡ್ಡಲ್ಲಿ ಊರಿನವರೆಲ್ಲ ಬೈಕು ತಗೊಂಡರು, ಕಾರು ತಗೊಂಡರು, ಮನೆಯ ಮೇಲೆ ಮಹಡಿ ಎತ್ತಿದರು. ಮಾವ ಏನು ತಂದ? ಕಂಪ್ಯೂಟರ್! ತಂದು ಎಲ್ಲಿಟ್ಟ? ಹುಳದ ಮನೆಯಲ್ಲಿ! ಇಂಟರ್ನೆಟ್ಟಿನಲ್ಲಿ ಲೋಕದ ಹಾಡೆಲ್ಲ ಸಿಗುತ್ತದೆ ಎಂದು ಚನ್ನಪಟ್ಟಣದ ಸೈಬರ್ ಸೆಂಟರಿನಲ್ಲಿ ಯಾರೋ ಅವನ ಕಿವಿಯಲ್ಲಿ ಊದಿದ್ದರು. ಲೋಕದ ಹಾಡೆಲ್ಲ ಅವನಿಗೆ ಬೇಕಿರಲಿಲ್ಲ. ಆ ಒಂದು ಸಂಜೆಯ ಆ ಒಂದು ಹಾಡು ಸಿಕ್ಕರೆ ಸಾಕಿತ್ತು.

ಹುಳದ ಮನೆಗೆ ಅದರದ್ದೇ ಮಡಿ ಇರುತ್ತದೆ. ಹೊರಗಿನವರು ಸುಮ್ಮನೆ ಒಳಗೆ ಬರುವಂತಿಲ್ಲ, ಕಾಲು ತೊಳೆಯದೆ ಹೊಸಿಲು ದಾಟುವಂತಿಲ್ಲ, ಬೀಡಿ, ಊದುಬತ್ತಿ, ಮುಖಕ್ಕೆ ಪೌಡರು ಯಾವುದೂ ಕೂಡದು. ಬೇಸಿಗೆಯಲ್ಲಿ ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಬೇಕು. ಹುಳ ಹೋಗಿದ್ದರೂ ಮಾವ ಇದರಲ್ಲಿ ಒಂದನ್ನೂ ಸಡಿಲಿಸಲಿಲ್ಲ. ಕಂಪ್ಯೂಟರಿಗೂ ಒದ್ದೆ ಗೋಣಿಚೀಲ! ಕಂಪ್ಯೂಟರಿನ ಮುಂದೆಯೂ ಪೌಡರು ಕೂಡದು! ನಾನು ರಾಮನಗರದ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಹೇಳುವವಳು. ಮಾವನ ಇಂಗ್ಲಿಷ್ ಕೆಲಸಕ್ಕೆಂದು ಭಾನುವಾರ ಭಾನುವಾರ ಹೋಗುತ್ತಿದ್ದೆ. ಹೊಸಿಲಲ್ಲಿ ನಿಲ್ಲಿಸಿ ಕಾಲಿಗೆ ನೀರು ಹೊಯ್ಯಿಸಿ, ಮೂಸಿ ನೋಡಿಯೇ ಒಳಗೆ ಬಿಡುತ್ತಿದ್ದ.

"ಮಾವ, ಇದು ಯಂತ್ರ ಕಣೋ. ಇದಕ್ಕೆ ಮೂಗಿಲ್ಲ."

"ಹುಳಕ್ಕೆ ಮಾತ್ರ ಯಾವ ಮೂಗಿತ್ತವ್ವ? ಹಂಗಂತ ಸುಮ್ಕಿತ್ತಾ ಅದು?"

ನಾನು ಕಾಲಿಗೆ ಇನ್ನೊಂದು ಚೊಂಬು ನೀರು ಹೊಯ್ದುಕೊಂಡೆ.

ಲೈನು ಸರಿಮಾಡಲು ಬಂದ ಟೆಲಿಫೋನಿನವನಿಗೂ ಇದೇ ಉಪಚಾರ. ಪಾಪ, ಆತ ಬೂಟು ಬಿಚ್ಚಿ, ಕಾಲು ತೊಳೆದು, ಬಾಯಲ್ಲಿದ್ದ ಹೊಗೆಸೊಪ್ಪು ಉಗಿದು, ಬಾಯಿ ಮುಕ್ಕಳಿಸಿ ಒಳಗೆ ಬಂದ. ಮೋಡೆಮ್ ಎಂಬ ಇಂಟರ್ನೆಟ್ಟಿನ ಪೆಟ್ಟಿಗೆಯ ದೀಪ ಹತ್ತದೆ ಕೂತಿತ್ತು. ಅದನ್ನು ಬಿಚ್ಚಲು ಕೈ ಹಾಕಿದರೆ ಮಾವ ಅವನ ಕೈ ಹಿಡಿದುಕೊಂಡ. "ಮುಟ್ಬ್ಯಾಡಿ ಸ್ವಾಮಿ, ಜ್ವರಕ್ಕೆ ಕೂತೈತೆ. ಒಸಿ ಕಾಫಿ ಕುಡೀರಿ, ಎದ್ದೇಳ್ತದೆ." ಕಾಫಿ ಕುಡಿದು ಲೋಟ ಕೆಳಗಿಡುವುದಕ್ಕೂ ಹಸಿರು ದೀಪ ಪಿಳಿಪಿಳಿ ಅನ್ನುವುದಕ್ಕೂ ಸರಿಹೋಯಿತು! ಅಲ್ಲಿಂದಾಚೆಗೆ ಬೇರೆ ಊರುಗಳಿಂದ ದೂರು ಬಂದರೂ ಆತ "ಒಂದು ಕಾಫಿ ಕುಡ್ಕೊಂಡು ನೋಡಿ" ಎಂದು ಹೇಳತೊಡಗಿದ ಎಂದು ಕೇಳಿದ್ದೇನೆ.

ಮೊದಮೊದಲಿನ ಕಾಲದಲ್ಲಿ ಇಂಟರ್ನೆಟ್ಟು ಹಾಕಿದರೆ ಫೋನು ಸತ್ತುಹೋಗುತ್ತಿತ್ತು, ನೆನಪಿದೆಯೆ? ಮಾವನಿಗೆ ಒಂದು ಹಾಡು ಇಳಿಯಬೇಕಾದರೆ ಇಡೀ ದಿನ ಹಿಡಿಯುತ್ತಿತ್ತು. ಆ ದಿನಗಳಲ್ಲೇ ಅವನ ಮಗಳನ್ನು ಕುದೂರಿನ ಕಡೆಯ ಗಂಡಿನವರು ನೋಡಿಕೊಂಡು ಹೋದರು. "ಯೋಚ್ನೆ ಮಾಡಿ ಫೋನ್ ಮಾಡ್ತೀವಿ" ಎಂದು ಗತ್ತಿನಿಂದಲೇ ಹೋದರು. ಹೋಗಿ ಫೋನು ಮಾಡಿದರೆ ಎಂಗೇಜು. ಬೆಳಿಗ್ಗೆ ಎಂಗೇಜು, ಮಧ್ಯಾಹ್ನ ಎಂಗೇಜು, ಮಾರನೆಯ ದಿನವೂ ಎಂಗೇಜು. ವಾರ ಕಳೆಯುವಷ್ಟರಲ್ಲಿ ಗಂಡಿನ ತಂದೆ ಬಸ್ಸು ಹತ್ತಿ ಓಡಿಬಂದು, ಜಗಲಿಯ ಮೇಲೆ ಕೂತು ಟವಲಿನಿಂದ ಬೆವರೊರೆಸಿಕೊಂಡರು.

"ಏನ್ ಗೌಡ್ರೇ, ಎಷ್ಟು ಕಡೆ ಸಂಬಂಧ ಮಾತಾಡ್ತಾ ಇದೀರಿ? ನಿಮ್ ಫೋನು ಬುಡುವೇ ಇಲ್ವಲ್ಲ! ಹುಡುಗೀನ ನಮ್ಗೇ ಕೊಟ್ಬುಡಿ."

ಮಾವನಿಗೆ ಸುಳ್ಳು ಬರುವುದಿಲ್ಲ. "ಹಂಗೇನಿಲ್ಲ ಬೀಗ್ರೇ, ಒಂದು ಪಿಯಾನೊ ಬತ್ತಾ ಇತ್ತು, ಅದ್ಕೇ."

ಬೀಗರು ಎದ್ದು ನಿಂತು ಕೈ ಮುಗಿದುಬಿಟ್ಟರು. "ಪಿಯಾನೊ ಗಿಯಾನೊ ಎಲ್ಲ ಬ್ಯಾಡಿ ಗೌಡ್ರೇ! ಮದ್ವೆ ಚೆಂದಾಗಿ ಮಾಡ್ಕೊಟ್ರೆ ಸಾಕು!"

ಹೀಗೆ ಜಾಝಿನಿಂದ ಕಂಕಣಬಲ ಕೂಡಿಬಂದ ಏಕೈಕ ಹೆಣ್ಣುಮಗಳು ಈಗ ಕುದೂರಿನಲ್ಲಿ ಸುಖವಾಗಿದ್ದಾಳೆ.

ಇನ್ನು ಮಾವನ ಸ್ನೇಹಿತರ ವಿಚಾರ. ಇಂಟರ್ನೆಟ್ಟಿನಲ್ಲಿ ಜಾಝ್ ಹುಚ್ಚರದ್ದೊಂದು ಅರಳಿಕಟ್ಟೆ ಇದೆ. ಅಲ್ಲಿ ಡೆನ್ಮಾರ್ಕಿನವನೊಬ್ಬ, ಕೆನಡಾದವನೊಬ್ಬ, ಪೋಲೆಂಡಿನ ಅಜ್ಜಿಯೊಬ್ಬಳು, ಇನ್ನೂ ಎಂಥೆಂಥವರೋ ಸೇರುತ್ತಾರೆ. ಮುಖ ನೋಡಿದವರಿಲ್ಲ, ಜಗಳಕ್ಕೆ ಕಡಿಮೆಯಿಲ್ಲ. ಈ ತುತ್ತೂರಿಯವನು ದೊಡ್ಡವನೋ ಆ ತುತ್ತೂರಿಯವನು ದೊಡ್ಡವನೋ? ಒಂದೇ ಹಾಡನ್ನು ಮೂರು ಸಲ ರೆಕಾರ್ಡು ಮಾಡಿದ್ದರಲ್ಲಿ ಯಾವುದು ಚೆಂದ? ಒಂದು ಹಳೆಯ ರೆಕಾರ್ಡಿನ ನಡುವೆ ಯಾರೋ ಕೆಮ್ಮುತ್ತಾರೆ. ಕೆಮ್ಮಿದವನು ಪಿಯಾನೊದವನೋ, ಮುಂದಿನ ಸಾಲಿನಲ್ಲಿ ಕೂತವನೋ ಎಂದು ಒಂದು ಇಡೀ ಮಳೆಗಾಲ ಜಗಳ ನಡೆಯಿತು. ಮಾವನೂ ನನ್ನ ಕೈಯಲ್ಲಿ ಅಭಿಪ್ರಾಯ ಬರೆಸಿದ: "ಕೆಮ್ಮಿದೋನು ಬೀಡಿ ಸೇದೋನು. ಅಷ್ಟು ಮಾತ್ರ ಖಾತ್ರಿ."

ಆದರೆ ಯಾವ ಜಗಳವೇ ಆಗಲಿ, ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ. "ನಿಮ್ಮ ಮನೆಯಲ್ಲಿ ಎಷ್ಟು ಸ್ಪೀಡು?" ನಮ್ಮ ಗೂಡಿನ ಮಾರುಕಟ್ಟೆಯಲ್ಲಿ ಇಬ್ಬರು ರೈತರು ಎದುರಾದರೆ "ನಿಂದು ಎಷ್ಟಕ್ಕೆ ಹೋಯ್ತು?" ಅನ್ನುವುದಿಲ್ಲವೆ, ಥೇಟ್ ಹಾಗೆ! ಒಬ್ಬೊಬ್ಬರೂ ತಮ್ಮ ತಮ್ಮ ಅಂಕಿ ಹೇಳಿ ಎದೆ ಉಬ್ಬಿಸುತ್ತಿದ್ದರು. ಮಾವನ ಸರದಿ ಬಂತು. ಅವನಿಗೆ ಆ ಅಂಕಿಗಳು ಅರ್ಥವಾಗುವುದಿಲ್ಲ. ಸ್ವಲ್ಪ ಯೋಚಿಸಿ ಹೇಳಿದ, "ಹುಳದ ಮನೆ ಪೂರ್ತಿ ಒಂದು ಸೊಪ್ಪು ಹಾಕಿ, ಕೈ ತೊಳ್ಕೊಂಡು ಬರೋ ಅಷ್ಟರಲ್ಲಿ ಕಾಲು ಹಾಡು ಬತ್ತದೆ. ಹಂಗೇ ಬರೀ."

ನಾನು ಹಾಗೆಯೇ ಬರೆದೆ. ಹುಳ, ಸೊಪ್ಪು, ತಟ್ಟೆ ಎಲ್ಲವನ್ನೂ ವಿವರಿಸಿ ಬರೆದೆ. ಆಮೇಲೆ ಡೆನ್ಮಾರ್ಕಿನವನು ಬರೆದ, ನನ್ನ ಸ್ಪೀಡು ನಿಮ್ಮದಕ್ಕಿಂತ ಜಾಸ್ತಿ, ಆದರೆ ನಿಮ್ಮ ಅಳತೆ ನನ್ನದಕ್ಕಿಂತ ಚೆಂದ. ತಗೊಳ್ಳಿ, ಆವತ್ತಿನಿಂದ ಕಟ್ಟೆಯವರೆಲ್ಲ ಸೊಪ್ಪಿನಲ್ಲೇ ಅಳೆಯತೊಡಗಿದರು! ಕೆನಡಾದಲ್ಲಿ ಹಿಮ ಬಿದ್ದು ಲೈನು ಕೆಟ್ಟರೆ "ಇವತ್ತು ನಮ್ಮಲ್ಲಿ ಕಾಲು ಹಾಡಿಗೆ ಮೂರು ಸೊಪ್ಪಾಗುತ್ತಿದೆ" ಎಂಬ ಗೋಳು. ಪೋಲೆಂಡಿನ ಅಜ್ಜಿ ಹೊಸ ಲೈನು ಹಾಕಿಸಿಕೊಂಡು "ಅರ್ಧ ಸೊಪ್ಪು!" ಎಂದು ಬೀಗಿದಳು. ರೇಷ್ಮೆಹುಳವನ್ನು ಕಣ್ಣಲ್ಲಿ ಕಾಣದ ಜನ!

ಅವರೆಲ್ಲ ಸೇರಿ ಮಾವನ ಹಾಡು ಹುಡುಕಿದರು. ಡ್ರಮ್ಮಿನ ಮೇಲೆ ಕೋಲಿನಿಂದ ಹೊಡೆಯದೆ ತಂತಿಯ ಸಣ್ಣ ಪೊರಕೆಯಿಂದ ಸವರುತ್ತಾರಂತೆ, ಆಗ ಹಾಗೆ ಸರಸರ ಅನ್ನುತ್ತದಂತೆ. ಅದು ಗೊತ್ತಾದ ಮೇಲೆ ಪೊರಕೆಯ ಹಾಡುಗಳು ಒಂದರ ಹಿಂದೊಂದು ಬಂದವು. ಒಂದೊಂದು ಇಳಿಯಲು ಒಂದೊಂದು ಮಧ್ಯಾಹ್ನ. ಒದ್ದೆ ಗೋಣಿಚೀಲದ ವಾಸನೆ, ಅದರ ತೂತುಗಳಿಂದ ನೆಲದ ಮೇಲೆ ಬೀಳುವ ಚುಕ್ಕೆ ಚುಕ್ಕೆ ಬೆಳಕು, ತೆರೆಯ ಮೇಲೆ ಇರುವೆಯ ಹಾಗೆ ಮುಂದಕ್ಕೆ ತೆವಳುವ ನೀಲಿ ಗೆರೆ. ನನಗಂತೂ ಕೂತಲ್ಲೇ ಕಣ್ಣು ಎಳೆಯುತ್ತಿತ್ತು. ಹಾಡು ಪೂರ್ತಿ ಬಂದ ಮೇಲೆ ಮಾವ ತಲೆ ತಗ್ಗಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದ. ಕೇಳಿ ತೀರ್ಪು ಕೊಡುತ್ತಿದ್ದ.

"ಇಲ್ಲ. ಇವ್ನು ಕಸ ಗುಡಿಸ್ತಾವ್ನೆ, ಮೇಯ್ತಾ ಇಲ್ಲ."

"ಇವ್ನಿಗೆ ಯಾರೋ ಒದ್ದೆ ಸೊಪ್ಪು ಹಾಕವ್ರೆ."

ಲೋಕವೇ ಕೊಂಡಾಡುವ ಒಬ್ಬ ದೊಡ್ಡ ಡ್ರಮ್ಮಿನವನನ್ನು ಕೇಳಿ, "ಕೈ ಚೆನ್ನಾಗೈತೆ, ಹಸಿವಿಲ್ಲ" ಅಂದುಬಿಟ್ಟ! ಅದನ್ನು ಇಂಗ್ಲಿಷಿನಲ್ಲಿ ಬರೆಯಲು ನನಗೆ ಧೈರ್ಯ ಬರಲಿಲ್ಲ.

ಅತ್ತೆಗೆ ಇದೆಲ್ಲ ಕಂಡರಾಗದು. "ನೋಡವ್ವ, ತ್ವಾಟ ಹೋದ್ಮೇಲೆ ಎಲ್ರೂ ಕುಡ್ಯಾಕೆ ಕಲ್ತರು, ನಿಮ್ ಮಾವ ಕೇಳಾಕೆ ಕಲ್ತ. ಯಾವುದು ವಾಸಿ ಅಂತ ನೀನೇ ಹೇಳು" ಅನ್ನುತ್ತಿದ್ದಳು. ಅಂದು ಆಕಳಿಸುತ್ತಿದ್ದಳು. ಹುಳ ಹೋದ ಮೇಲೆ ಅತ್ತೆಗೆ ಆಕಳಿಕೆ ಬಂದಿತ್ತೇ ಹೊರತು ನಿದ್ದೆ ಬಂದಿರಲಿಲ್ಲ. ಕಣ್ಣ ಕೆಳಗೆ ಕಪ್ಪಾಗಿತ್ತು, ಮೈ ಇಳಿದುಹೋಗಿತ್ತು. ಸಾರಿಗೆ ಎರಡು ಸಲ ಉಪ್ಪು ಹಾಕುವುದು, ಒಲೆಯ ಮುಂದೆಯೇ ತೂಕಡಿಸಿ ಸೆರಗಿಗೆ ಕಿಡಿ ಹಾರಿಸಿಕೊಳ್ಳುವುದು, ಇಂಥವೂ ಆಗಿದ್ದವು. ಡಾಕ್ಟರು ಬರೆದುಕೊಟ್ಟ ನಿದ್ದೆಗುಳಿಗೆಯನ್ನು ನುಂಗದೆ ಡಬ್ಬಿಯಲ್ಲಿ ಬಚ್ಚಿಟ್ಟಿದ್ದಳು. ಯಾಕತ್ತೆ ಎಂದು ಗದರಿದೆ.

"ಗುಳಿಗೆ ನುಂಗಿ ಮನಿಕ್ಕೊಂಡ್ರೆ ಹುಳಕ್ಕೆ ಸೊಪ್ಪು ಹಾಕೋರ್ಯಾರೆ?" ಅಂದಳು. ಅಂದವಳೇ ತನ್ನ ಮಾತಿಗೆ ತಾನೇ ಬೆಚ್ಚಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ನಾನೂ ನಕ್ಕೆ.

ಒಂದು ಭಾನುವಾರ ಮಾವ ಎಂದಿನ ಹಾಗೆ ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿದ. ಅವನ ದನಿ ಎಂದಿನ ಹಾಗಿರಲಿಲ್ಲ.

"ಆ ಹಾಡು ಇನ್ನು ಸಿಗಾಕಿಲ್ಲ ಕಣವ್ವ. ಹಾಡು ಬ್ಯಾಡ ಅಂತ ಬರೀ. ಪಿಯಾನೊ ಬ್ಯಾಡ, ತುತ್ತೂರಿ ಬ್ಯಾಡ. ಬರೀ ಪೊರಕೆ. ಉದ್ದಕ್ಕೆ, ಬಿಡದಂಗೆ. ಯಾರ ತಾವಾದ್ರೂ ಐತಾ ಕೇಳು."

"ಯಾಕೆ ಅಂತಾರೆ ಮಾವ. ಬರೀ ಪೊರಕೆ ಯಾರಾದರೂ ಕೇಳ್ತಾರಾ?"

ಮಾವ ಟವಲಿನಿಂದ ಕಂಪ್ಯೂಟರಿನ ನೆತ್ತಿ ಒರೆಸಿದ. ಅಲ್ಲಿ ಧೂಳೇನೂ ಇರಲಿಲ್ಲ.

"ನನ್ ಹೆಂಡ್ರಿಗೆ ನಿದ್ದೆ ಬರಾಕಿಲ್ಲ ಅಂತ ಬರೀ. ಈ ಮನೆಗೆ ಬಂದ ವರ್ಸದಿಂದ ಹುಳದ ಸದ್ದಲ್ಲೇ ಮನಗಿದೋಳು. ಸದ್ದು ನಿಂತ್ರೆ ಸೊಪ್ಪು ಮುಗೀತು ಅಂತ ಅವಳಿಗೆ ಎಚ್ಚರಾಯ್ತದೆ. ಈಗ ಸದ್ದೇ ಇಲ್ಲ. ಮನಗ್ತಾಳೆ, ಏಳ್ತಾಳೆ, ಈ ಬಾಗ್ಲು ತೆಗ್ದು ನೋಡ್ತಾಳೆ, ಹೋಯ್ತಾಳೆ. ದಿನಾ ಹಿಂಗೇ ಆದ್ರೆ ಜೀವ ಎಷ್ಟು ದಿನ ತಡೀತದೆ ಹೇಳು? ಅವತ್ತು ರೇಡಿಯೋದಾಗೆ ಕೇಳಿ ಹುಳ ಅಂದ್ಲಲ್ಲ, ಅದಾದ್ರೂ ಸಿಕ್ರೆ ಅಂತ..."

ನಾನು ಕೀಲಿಮಣೆಯಿಂದ ಕೈ ತೆಗೆದು ಮಾವನ ಕಡೆ ತಿರುಗಿದೆ. ವರ್ಷಗಟ್ಟಲೆ ನಾವೆಲ್ಲ ನಕ್ಕಿದ್ದು ಇದಕ್ಕೇನಾ?

"ಅಲ್ಲ ಮಾವ, ಪಕ್ಕದ ಊರಲ್ಲಿ ಇನ್ನೂ ಹುಳ ಸಾಕ್ತಾರಲ್ಲ, ಟೇಪು ಮಾಡ್ಕೊಂಡು ಬಂದರಾಗ್ತಿತ್ತಲ್ಲ?"

"ತಂದಿದ್ದೆ ಕಣವ್ವ. ಒಂದು ಗಳಿಗೆ ಕೇಳಿದ್ಲು. ಇದು ಯಾರ ಮನೆ ಹುಳ, ಸೊಪ್ಪು ಬಾಡೈತಲ್ಲ ಅಂದು ಅತ್ಬುಟ್ಲು. ರೇಡಿಯೋದೊಳಗಿನ ಹುಳ ಯಾರ್ದೂ ಅಲ್ವಲ್ಲ. ಅದನ್ನ ನಮ್ದು ಅನ್ಕೋಬೋದು."

ನಾನು ಅವನು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದೆ. ಈ ಸಲ ಕಟ್ಟೆಯಲ್ಲಿ ಯಾರೂ ತಮಾಷೆ ಮಾಡಲಿಲ್ಲ. ಕೆಲವು ದಿನ ಬಿಟ್ಟು ಡೆನ್ಮಾರ್ಕಿನವನಿಂದ ಉತ್ತರ ಬಂತು. "ನಾನು ಕಲಾವಿದನಲ್ಲ, ಮನೆಯಲ್ಲಿ ಹವ್ಯಾಸಕ್ಕೆ ಡ್ರಮ್ಮು ಬಾರಿಸುವವನು. ರೇಷ್ಮೆಹುಳ ಮೇಯುವ ಸದ್ದನ್ನು ಹುಡುಕಿ ಕೇಳಿಸಿಕೊಂಡೆ, ಕೈ ಕೂರುವ ತನಕ ಅಭ್ಯಾಸ ಮಾಡಿದೆ. ಒಂದು ಸೊಪ್ಪಿನಷ್ಟು ಹೊತ್ತು ಬಾರಿಸಿ ಕಳಿಸುತ್ತಿದ್ದೇನೆ, ನಿಮ್ಮ ಸ್ಪೀಡಿಗೆ ತಾಳ್ಮೆ ಬೇಕು" ಎಂದಿದ್ದ.

ತಾಳ್ಮೆಯೇ! ಅಷ್ಟು ದೊಡ್ಡದು ಆ ಮನೆಗೆ ಯಾವತ್ತೂ ಬಂದಿರಲಿಲ್ಲ. ಇಡೀ ಮನೆ ತುದಿಗಾಲಲ್ಲಿ ನಡೆಯಿತು. ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು. ಏನು ಬರುತ್ತಿದೆ ಎಂದು ಗೊತ್ತಿಲ್ಲದ ಅತ್ತೆಯೂ "ಈ ಮನುಷ್ಯಂಗೆ ಏನ್ ಬತ್ತೈತೋ ಬಂದ್ಬುಡ್ಲಿ" ಎಂದು ಒಗ್ಗರಣೆ ಇಲ್ಲದ ಸಾರು ಮಾಡಿದಳು. ನೀಲಿ ಗೆರೆ ತೆವಳಿ ತೆವಳಿ, ಇನ್ನೇನು ಮುಗಿಯಿತು ಅನ್ನುವಾಗ ನಿಂತೇಹೋಯಿತು. ಪೆಟ್ಟಿಗೆಯ ದೀಪ ಆರಿತು.

ನನಗೆ ಅಳುವೇ ಬಂತು. "ಮಾವ, ಮೊದಲಿಂದ ಹಾಕೋಣ?"

"ಮುಟ್ಬ್ಯಾಡ." ಮಾವ ಪೆಟ್ಟಿಗೆಯ ಮುಂದೆ ಕೈಕಟ್ಟಿ ಕೂತ. "ಇದು ನಾಲ್ಕನೇ ಜ್ವರ. ಇದೊಂದು ಎದ್ರೆ ಆಯ್ತು."

ಕಾಫಿ ಕುಡಿದೆವು. ಇನ್ನೊಂದು ಕುಡಿದೆವು. ಹೊರಗೆ ಫ್ಯಾಕ್ಟರಿಯ ಸೈರನ್ನು ಕೂಗಿ ಊಟದ ಹೊತ್ತಾಯಿತು ಅಂದಿತು. ಊಟ ಮುಗಿಸಿ ಕೈ ತೊಳೆದು ಬಂದರೆ, ನೀವು ನಂಬಿ, ಬಿಡಿ, ದೀಪ ಪಿಳಿಪಿಳಿ ಅನ್ನುತ್ತಿತ್ತು, ನೀಲಿ ಗೆರೆ ತುದಿ ಮುಟ್ಟಿತ್ತು!

ಆ ಮಧ್ಯಾಹ್ನ ಮಾವ ಅತ್ತೆಯನ್ನು ಕರೆದ. "ಒಸಿ ಇಲ್ಲಿ ತಂಪಾಗೈತೆ, ಬಾ, ಕೂತ್ಕೊ." ಅತ್ತೆ ಗೊಣಗಿಕೊಂಡೇ ಕಾಲು ತೊಳೆದು ಬಂದಳು. ಚಾಪೆ ಹಾಸಿ ಗೋಡೆಗೆ ಒರಗಿದಳು. ಮಾವ ಮೌಸು ಒತ್ತಿದ.

ಸರಸರ, ಸರಸರ. ಸುಣ್ಣದ ಗೋಡೆಗಳ ತುಂಬ ಸಣ್ಣ ಮಳೆ ಹಿಡಿಯಿತು. ಅತ್ತೆ ತಲೆ ಎತ್ತಿದಳು. ಗೋಡೆಗೆ ಒರಗಿಸಿಟ್ಟಿದ್ದ ಖಾಲಿ ತಟ್ಟೆಗಳನ್ನು ಒಂದೊಂದಾಗಿ ನೋಡಿದಳು. ಮೆಲ್ಲಗೆ ಚಾಪೆಯ ಮೇಲೆ ಜಾರಿ, ತೋಳನ್ನೇ ದಿಂಬು ಮಾಡಿಕೊಂಡು ಮಲಗಿದಳು. ಗೋಣಿಚೀಲದ ತೂತಿನ ಬೆಳಕು ಅವಳ ಸೀರೆಯ ಮೇಲೆ ಬಿದ್ದಿತ್ತು. ಎಷ್ಟೋ ಕಾಲದ ಮೇಲೆ ಅತ್ತೆಯ ಗೊರಕೆ ಕೇಳಿದೆ. ಮಾವ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದ್ದರೆ ಇಬ್ಬರೂ ಅಳುತ್ತಿದ್ದೆವು.

ಒಂದು ಸೊಪ್ಪಿನಷ್ಟು ಹೊತ್ತು ಕಳೆದು ಡೆನ್ಮಾರ್ಕಿನವನ ಪೊರಕೆ ನಿಂತಿತು. ಹುಳದ ಮನೆ ಸ್ತಬ್ಧವಾಯಿತು. ಅತ್ತೆಯ ರೆಪ್ಪೆಗಳು ಅಲುಗಿದವು. ಕಣ್ಣು ತೆರೆಯದೆಯೇ, ನಿದ್ದೆಯ ಒಳಗಿನಿಂದ ಅಂದಳು:

"ಸೊಪ್ಪು ಮುಗೀತು ನೋಡಿ."

ಮಾವ ಆಗಲೇ ಮೌಸಿನ ಮೇಲೆ ಕೈ ಇಟ್ಟಿದ್ದ.

"ಹಾಕ್ದೆ ಕಣೆ. ನೀನು ಮನಿಕ್ಕೊ."

ಅತ್ತೆ ಮಗ್ಗುಲು ಬದಲಿಸಿದಳು.